ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಮಾತನಾಡಿದರೆ

ಫಲಿತಾಂಶ ಕುಸಿದ ಶಾಲೆಗಳಲ್ಲೇ ನನ್ನ ಸೇವೆಯ ಬಹುಪಾಲು ಕಳೆದಿದೆ. ಅಲ್ಲಿ ಪೋಷಕರ ಸಭೆ ಹೇಗೆ ನಡೆಯುತ್ತದೆಂದು ಒಳಗೆ ಹೋಗದೆಯೇ ಹೇಳಬಲ್ಲೆ. ಮನೆಯಲ್ಲಿ ಓದಿಸುವವರೇ ಇಲ್ಲ ಎಂದು ನಾವು, ಶಾಲೆಯಲ್ಲಿ ಪಾಠವೇ ನಡೆಯುವುದಿಲ್ಲ ಎಂದು ಅವರು. ಎರಡರಲ್ಲೂ ಅಷ್ಟಿಷ್ಟು ನಿಜವಿರುವುದರಿಂದ ಜಗಳ ಮುಗಿಯುವುದೇ ಇಲ್ಲ.

ಈಗ ನಾನು ಅಂಕಪಟ್ಟಿಯಿಂದ ಮಾತು ಶುರುಮಾಡುವುದಿಲ್ಲ. ಹಾಜರಿ ಪುಸ್ತಕವನ್ನೂ ಮಗುವಿನ ಗಣಿತದ ನೋಟ್‌ಬುಕ್ಕನ್ನೂ ಅಕ್ಕಪಕ್ಕ ತೆರೆದಿಡುತ್ತೇನೆ. ಒಬ್ಬ ತಾಯಿ, “ತಿಂಗಳಿಗೆ ಎರಡು ದಿನ ತಪ್ಪಿಸಿರಬಹುದು ಸರ್, ಅಷ್ಟೇ” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಗೈರು ಬಿದ್ದ ದಿನಗಳೆಲ್ಲ ಹೆಚ್ಚೂಕಡಿಮೆ ಸೋಮವಾರಗಳೇ. ನೋಟ್‌ಬುಕ್‌ನಲ್ಲಿ ಭಿನ್ನರಾಶಿಗಳ ಸಂಕಲನವಿತ್ತು, ಛೇದಗಳನ್ನು ಸಮ ಮಾಡಿಕೊಳ್ಳುವ ಪಾಠ ಇರಲಿಲ್ಲ. ಅಲ್ಲಿಂದ ಮುಂದೆ ಪುಟಗಟ್ಟಲೆ 1/2 + 1/3 = 2/5 ಎಂಬಂಥ ಲೆಕ್ಕಗಳು, ಅವುಗಳ ಮೇಲೆ ಕೆಂಪು ಶಾಯಿಯ ಗೆರೆ. ಯಾಕೆ ತಪ್ಪು ಎಂದು ಒಂದು ಕಡೆಯೂ ಬರೆದಿರಲಿಲ್ಲ. ಮಗು ಬಾರದ್ದಕ್ಕೆ ಮನೆ ಉತ್ತರ ಹೇಳಬೇಕು, ಬಂದ ಮೇಲೂ ಆ ಪಾಠ ಸಿಗದಿದ್ದುದಕ್ಕೆ ಶಾಲೆ.

ತಿಂಗಳಿಗೆ ಎರಡು ದಿನ ಎಂದರೆ ಕೇಳಲು ಅಲ್ಪ. 200 ದಿನ ನಡೆಯುವ ಶಾಲೆಯಲ್ಲಿ ಅದು ಸುಮಾರು 20 ದಿನ, ಶೇಕಡ 10. ಅಮೆರಿಕದಲ್ಲಿ ಇದನ್ನೇ ದೀರ್ಘಕಾಲದ ಗೈರು ಎಂದು ಗುರುತಿಸುತ್ತಾರೆ. ಅಲ್ಲಿನ ಫಿಲಡೆಲ್ಫಿಯಾದಲ್ಲಿ ಸುಮಾರು 28 ಸಾವಿರ ಕುಟುಂಬಗಳ ಮೇಲೆ ನಡೆದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಮಗು ಒಟ್ಟು ಎಷ್ಟು ದಿನ ತಪ್ಪಿಸಿದೆ ಎಂದು ಮನೆಗೆ ಪತ್ರ ಬರೆದದ್ದಕ್ಕೇ ಇಂಥ ಗೈರು ಶೇಕಡ 10ರಷ್ಟು ಅಥವಾ ಹೆಚ್ಚು ತಗ್ಗಿತು. ತಮ್ಮ ಮಕ್ಕಳ ಗೈರನ್ನು ಪೋಷಕರು ಇರುವುದಕ್ಕಿಂತ ಕಡಿಮೆ ಎಂದೇ ಅಂದಾಜಿಸಿಕೊಂಡಿರುತ್ತಾರೆ. ಒಟ್ಟು ಲೆಕ್ಕ ಇರುವುದು ನಮ್ಮ ಬಳಿ. ಅದನ್ನು ಪರೀಕ್ಷೆ ಮುಗಿದ ಮೇಲೆ ಹೇಳಿದರೆ ಯಾರಿಗೆ ಬೇಕು?

ಪೋಷಕರು ಮನೆಯಲ್ಲಿ ಪಾಠ ಹೇಳಿಕೊಡಲಿ ಎಂದು ನಾನು ಕೇಳುವುದಿಲ್ಲ. ಕಲಿಸುವುದು ನಮ್ಮ ಕೆಲಸ, ಅದಕ್ಕೇ ಸಂಬಳ ಪಡೆಯುತ್ತೇವೆ. ಅಕ್ಷರ ಬಾರದ ತಂದೆಯಿಂದ ಮನೆಪಾಠಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗುವನ್ನು ಹೊತ್ತಿಗೆ ಸರಿಯಾಗಿ ಕಳಿಸಿ, ಸಂಜೆ ‘ಇವತ್ತು ಏನು ಕಲಿತೆ, ನನಗೂ ಹೇಳು’ ಎಂದು ಕೂರಿಸಿಕೊಳ್ಳಿ ಎನ್ನುತ್ತೇನೆ. ಇದಕ್ಕೆ ಅಕ್ಷರ ಬೇಕಿಲ್ಲ.

ಶಿಕ್ಷಕರಿಗೆ ಬಿಡುವೆಲ್ಲಿ ಎಂದು ಸಹೋದ್ಯೋಗಿಗಳು ಗೊಣಗುತ್ತಾರೆ. ಗೊಣಗಾಟದಲ್ಲಿ ಅರ್ಥವಿದೆ. ಗೈರಾದ ಮಕ್ಕಳ ಮನೆಗೆ ಅಂದೇ ಫೋನ್ ಮಾಡಬೇಕಾದರೆ ಮುಖ್ಯ ಶಿಕ್ಷಕರು ಅದಕ್ಕೆ ವೇಳಾಪಟ್ಟಿಯಲ್ಲೇ ಜಾಗ ಕೊಡಬೇಕು.

ಅಂದಹಾಗೆ, ಆ ತಾಯಿಗೆ ಸೋಮವಾರ ಬೆಳಗಿನ ಪಾಳಿ. ಚಿಕ್ಕ ಮಗುವನ್ನು ನೋಡಿಕೊಳ್ಳಲು ಮಗಳು ಮನೆಯಲ್ಲಿ ಉಳಿಯುತ್ತಿದ್ದಳು. ಪಾಳಿ ಬದಲಿಸಿಕೊಡುವಂತೆ ಅವರು ಕೆಲಸದ ಕಡೆ ಕೇಳಿಕೊಂಡರು. ಅದು ಆಗುವವರೆಗೆ ಗಣಿತದ ಹೊಸ ಪಾಠವನ್ನು ನಾವು ಮಂಗಳವಾರಕ್ಕೆ ಹಾಕಿಕೊಂಡೆವು.