ಆಸಿಡ್‌ಗಿಂತ ಧೂಳಿಗೆ ಹೆದರಬೇಕಿತ್ತು

ಬ್ಯಾಟರಿ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ನಮಗೆಲ್ಲ ಆಸಿಡ್‌ದೇ ಭಯ. ಮೈಮೇಲೆ ಬಿದ್ದರೆ ಉರಿಯುತ್ತದೆ, ಬಟ್ಟೆ ತೂತು ಬೀಳುತ್ತದೆ, ಹಾಗಾಗಿ ಎಲ್ಲರೂ ಹುಷಾರು. ಸೀಸದ ಧೂಳು ಉರಿಯುವುದೂ ಇಲ್ಲ, ವಾಸನೆ ಬರುವುದೂ ಇಲ್ಲ. ಅದಕ್ಕೆ ಯಾರು ಹೆದರುತ್ತಾರೆ?

ನನ್ನನ್ನು ಹಾಕಿದ್ದು ಪೇಸ್ಟಿಂಗ್ ವಿಭಾಗಕ್ಕೆ. ಸೀಸದ ಆಕ್ಸೈಡ್ ಪುಡಿಗೆ ನೀರು, ಆಸಿಡ್ ಸೇರಿಸಿ ಕಲಸಿ, ಸೀಸದ ಜಾಲರಿಗೆ (ಗ್ರಿಡ್) ಮೆತ್ತಿ ಬ್ಯಾಟರಿಯ ಪ್ಲೇಟ್ ಮಾಡುವುದು. 1881ರಲ್ಲಿ ಫ್ರಾನ್ಸಿನ ಕಮೀಲ್ ಫೋರ್ ತಂದ ವಿಧಾನದ ಮುಂದುವರಿಕೆ ಅದು. ಪೇಸ್ಟ್ ಹಸಿಯಿದ್ದಾಗ ಅಷ್ಟು ತೊಂದರೆಯಿಲ್ಲ. ಪುಡಿ ಸುರಿಯುವಾಗ, ಒಣಗಿದ ಪ್ಲೇಟಿನ ಅಂಚು ಉಜ್ಜುವಾಗ, ಪಾಳಿ ಮುಗಿದು ನೆಲ ಗುಡಿಸುವಾಗ ಧೂಳು ಏಳುತ್ತಿತ್ತು. ಧೂಳೆಳೆಯುವ ಫ್ಯಾನ್ ಕೆಟ್ಟು ಎಷ್ಟೋ ಕಾಲವಾಗಿತ್ತು.

ಒಂದು ದಿನ ನನಗೆ ಕೆಲಸ ಕಲಿಸಿದ ಅಣ್ಣ ರ‍್ಯಾಕಿನಿಂದ ಪ್ಲೇಟ್ ತೆಗೆಯಲು ಹೋದರು. ಬಲಗೈ ಮಣಿಕಟ್ಟು ಕೆಳಕ್ಕೆ ಬಾಗಿ ಹಾಗೇ ನಿಂತಿತು. ಬೆರಳು ಮಡಚುತ್ತಾರೆ, ಅಂಗೈ ಮಾತ್ರ ಮೇಲೇಳುತ್ತಿಲ್ಲ. "ಎತ್ತಕ್ಕೇ ಆಗ್ತಿಲ್ಲ ಕಣೋ" ಅಂದರು. ಡಾಕ್ಟರ್ ಅವರ ಕೆಳತುಟಿ ಎಳೆದು ನೋಡಿದರು. ಹಲ್ಲಿನ ಬುಡದ ಒಸಡಿನಲ್ಲಿ ನೀಲಿ ಕಪ್ಪು ಗೆರೆ. ಸೀಸ ನರಕ್ಕೆ ಇಳಿದಿತ್ತು. ಎಷ್ಟೋ ದಿನದಿಂದ ಗ್ಯಾಸ್ಟ್ರಿಕ್ ಅಂದುಕೊಂಡು ಸಹಿಸಿದ್ದ ಹೊಟ್ಟೆನೋವಿಗೂ ಅದೇ ಕಾರಣ. ರಜೆ ಹಾಕಿದರೆ ಸಂಬಳ ಹೋಗುತ್ತದೆಂದು ನೋವಿಟ್ಟುಕೊಂಡೇ ಬರುತ್ತಿದ್ದರು.

ಸೂಪರ್‌ವೈಸರ್ ಕೇಳಿದ ಮೊದಲ ಪ್ರಶ್ನೆ, "ಊಟಕ್ಕೆ ಮುಂಚೆ ಕೈ ಸರಿಯಾಗಿ ತೊಳೀತಿದ್ರಾ?" ನನಗೆ ಮೈಯೆಲ್ಲ ಉರಿಯಿತು. ಅಣ್ಣನಷ್ಟು ಚೆನ್ನಾಗಿ ಕೈ ತೊಳೆಯುವವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಉಸಿರಲ್ಲಿ ಹೋಗುವ ಧೂಳಿಗೆ ಸೋಪು ಏನು ಮಾಡೀತು?

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. 1898ರಲ್ಲಿ ಬ್ರಿಟನ್ನಿನ ಕಾರ್ಖಾನೆಗಳ ಮೊದಲ ವೈದ್ಯಕೀಯ ಇನ್ಸ್‌ಪೆಕ್ಟರ್ ಆದ ಥಾಮಸ್ ಲೆಗ್, ಮಾಲೀಕ ತಾನು ಮಾಡಬೇಕಾದ್ದೆಲ್ಲ ಮಾಡುವವರೆಗೆ ಕೆಲಸಗಾರ ತನ್ನನ್ನು ಕಾಪಾಡಿಕೊಳ್ಳಲು ಹೆಚ್ಚುಕಡಿಮೆ ಏನೂ ಮಾಡಲಾರ ಅನ್ನುತ್ತಿದ್ದರಂತೆ. ಅಮೆರಿಕದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1910ರಿಂದಲೇ ಸೀಸದ ಕಾರ್ಖಾನೆಗಳನ್ನು ಸುತ್ತಿ ಧೂಳಿನ ಅಪಾಯ ತೋರಿಸಿದ್ದರು. ಅಲ್ಲಿನ 1978ರ ನಿಯಮ ಗಾಳಿಯಲ್ಲಿ ಸೀಸ ಘನ ಮೀಟರಿಗೆ 50 ಮೈಕ್ರೋಗ್ರಾಂ ಮೀರಬಾರದು ಅಂದಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ ನಿಯಮದ ಇನ್ನೊಂದು ಮಾತು: ರಕ್ತದಲ್ಲಿ ಸೀಸ ಜಾಸ್ತಿಯಾದವರನ್ನು ಆ ಕೆಲಸದಿಂದ ಬಿಡಿಸಬೇಕು, 18 ತಿಂಗಳವರೆಗೆ ಸಂಬಳ ಇಳಿಸುವಂತಿಲ್ಲ. ಹೀಗಿದ್ದರೆ ಅಣ್ಣ ಹೊಟ್ಟೆನೋವನ್ನು ಮುಚ್ಚಿಡುತ್ತಲೇ ಇರಲಿಲ್ಲ, ಅಲ್ವಾ?

ಫ್ಯಾನ್ ರಿಪೇರಿಯಾಗುವವರೆಗೆ ಒಳಗೆ ಹೋಗಲ್ಲ ಅಂತ ನಾವೆಲ್ಲ ಬಾಗಿಲಲ್ಲೇ ನಿಂತೆವು. ರಿಪೇರಿಯಾಯಿತು. ಒಣ ಗುಡಿಸುವುದು ನಿಂತು, ನೀರು ಹಾಕಿ ಒರೆಸುವುದು ಶುರುವಾಯಿತು. ಅಣ್ಣನನ್ನು ಪ್ಯಾಕಿಂಗ್‌ಗೆ ಹಾಕಿದರು, ಕಡಿಮೆ ಸಂಬಳಕ್ಕೆ.