ಮಂಗಳೂರಿನ ಗೆಳತಿ, ವಿಜಯಪುರದ ರೊಟ್ಟಿ

ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವಳು. ನಮ್ಮ ಜೋಳದ ರೊಟ್ಟಿ ಅವಳಿಗೆ ಹಿಡಿಸೀತಾ ಅಂತ ಅವ್ವನಿಗೆ ಅನುಮಾನ. ಅವಳೋ ಒಲೆ ಮುಂದೆಯೇ ಕೂತುಬಿಟ್ಟಳು. ಜೋಳದ ಹಿಟ್ಟಿಗೆ ಗೋಧಿಯಂಥ ಅಂಟಿಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ರೊಟ್ಟಿಯ ಮೈಗೆ ನೀರು ಸವರಬೇಕು. ಅವಳು ಬಡಿದ ರೊಟ್ಟಿ ಅಂಚಲ್ಲೆಲ್ಲ ಬಿರಿಯಿತು. "ಇರಲಿ ಬಿಡವ್ವಾ, ಹೊಟ್ಟೆಗೆ ಕಣ್ಣಿಲ್ಲ" ಅಂದರು ಅವ್ವ. ಶೇಂಗಾ, ಎಳ್ಳು, ಗುರೆಳ್ಳು ತುಂಬಿದ ಎಣ್ಣೆಗಾಯಿ, ಹಸಿ ಮೆಂತ್ಯ ಸೊಪ್ಪು, ಕೆನೆಮೊಸರು. ಮಾತೇ ಇಲ್ಲ, ಬರೀ ಊಟ.

ಆಮೇಲೆ ಊರು ಸುತ್ತಿದೆವು. ಗೋಳಗುಮ್ಮಟದಲ್ಲಿ ಎಲ್ಲರೂ ಮೇಲೆ ಹತ್ತಿ ಕೂಗುತ್ತಾರೆ. ನನಗೆ ಆ ಗದ್ದಲ ಆಗಿಬರಲ್ಲ. ಕೆಳಗೇ ನಿಂತು ತಲೆಯೆತ್ತಿ ನೋಡು ಅಂದೆ. ಚೌಕದ ಕೋಣೆ, ಮೇಲೆ ಸುಮಾರು 44 ಮೀಟರ್ ಅಗಲದ ದುಂಡನೆ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ. ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳೇ 1656ರಿಂದ ಅಷ್ಟೂ ಭಾರ ಹೊತ್ತಿವೆ.

ಆದರೂ ನನ್ನ ಓಟು ಇಬ್ರಾಹಿಂ ರೋಜಾಕ್ಕೇ. ಒಂದೇ ಜಗಲಿ ಮೇಲೆ ಗೋರಿ, ಮಸೀದಿ ಎದುರುಬದುರು. ಕಿಟಕಿಗಳಲ್ಲಿ ಜಾಳಿಗೆಯ ಬದಲು ಕಲ್ಲಲ್ಲೇ ಕೊರೆದ ಅರಬಿ ಅಕ್ಷರಗಳು. ಅಕ್ಷರಗಳ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಗೆಳತಿ ಅಲ್ಲಿಂದ ಏಳಲೇ ಇಲ್ಲ.

ಹೀಗಾಗಿ ಬಾರಾ ಕಮಾನಿಗೆ ಹೋದಾಗ ಹೊತ್ತು ಇಳಿದಿತ್ತು. ಎರಡನೇ ಅಲಿ ಆದಿಲ್ ಶಾಹನ ಅರ್ಧಕ್ಕೇ ನಿಂತ ಗೋರಿ ಅದು. ಬರೀ ಕಮಾನು, ಮೇಲೆ ಗುಮ್ಮಟವಿಲ್ಲ. "ಪೂರ್ತಿ ಆಗದ್ದೇ ಒಳ್ಳೇದಾಯ್ತು ಮಾರಾಯ್ತಿ" ಅಂದಳು. ನಾನು ಒಪ್ಪಲಿಲ್ಲ. ಮನೆ ಸೇರುವ ತನಕ ಅದೇ ಜಗಳ.