ವಿಜಯಪುರದಿಂದ ಪೋಖರಾಕ್ಕೆ ಸೈಕಲ್: ತಯಾರಿ ಎಲ್ಲಿಗೆ ಬಂತು

ದಾರಿ ಗೊತ್ತಾಗಿದೆ. ಗೋರಖಪುರದವರೆಗೆ ರೈಲು. ಅಲ್ಲಿಂದ ಸುನೌಲಿ ಗಡಿ, ಭೈರಹವಾ, ಲುಂಬಿನಿ, ಬುಟ್ವಲ್, ತಾನ್ಸೇನ್, ವಾಲಿಂಗ್ ದಾಟಿ ನೇಪಾಳದ ಪೋಖರಾ. ತಿಂಗಳು ನವೆಂಬರ್. ಮಳೆಗಾಲದಲ್ಲಿ ಆ ಕಡೆ ಗುಡ್ಡ ಜರಿಯುತ್ತದೆ, ಡಿಸೆಂಬರ್ ಕೊನೆಗೆ ತರಾಯಿಯ ಬಯಲಲ್ಲಿ ಹೊತ್ತೇರಿದರೂ ಮಂಜು ಬಿಡುವುದಿಲ್ಲ. ನಮ್ಮ ದಸರೆಯ ಹೊತ್ತಿಗೇ ನೇಪಾಳಿಗಳ ದಶೈಂ ಹಬ್ಬ. ಊರಿಗೆ ಹೋಗುವವರ ಬಸ್ಸುಗಳಿಂದ ರಸ್ತೆ ತುಂಬಿರುತ್ತದೆ, ಅಂಗಡಿಗಳೂ ಮುಚ್ಚಿರುತ್ತವೆ. ಅದು ಕಳೆದ ಮೇಲೆ ಹೋಗುವುದೇ ಸರಿ.

‘ಗಡಿ ಹೆಂಗ ದಾಟ್ತೀರಿ?’ ಅಂತ ಎಲ್ಲರೂ ಕೇಳುತ್ತಾರೆ. ಇಡೀ ಪ್ರವಾಸದಲ್ಲಿ ಅಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ. ಕೇಳಬೇಕಾದದ್ದು ಬುಟ್ವಲ್ ಊರು ಮುಗಿದಲ್ಲಿಂದ ಶುರುವಾಗುವ ಏರಿನ ಬಗ್ಗೆ.

ಗೇರು: ಮುಗಿದಿದೆ

ಬುಟ್ವಲ್ ಇರುವುದು ಸುಮಾರು 200 ಮೀಟರ್ ಎತ್ತರದಲ್ಲಿ, ತಾನ್ಸೇನ್ 1,350ರ ಆಸುಪಾಸಿನಲ್ಲಿ. ನಡುವೆ 40 ಕಿ.ಮೀ. ದಾರಿ. ಕೊನೆಗೆ ಬರ್ತುಂಗ್ ಬಳಿ ಹೆದ್ದಾರಿ ಬಿಟ್ಟು ಊರೊಳಕ್ಕೆ ತಿರುಗಿದ ಮೇಲೆ ಏರು ಇನ್ನೂ ಕಡಿದು. ಸೊಲ್ಲಾಪುರ ರಸ್ತೆಯಲ್ಲೋ ಕೊಲ್ಹಾರದ ಸೇತುವೆವರೆಗೋ ಗಂಟೆಗೆ 25ರಲ್ಲಿ ಓಡಿಸುವ ಕಾಲಿಗೆ ಇದರ ಅಂದಾಜು ಸಿಗುವುದಿಲ್ಲ.

ಲೆಕ್ಕ ಹೀಗಿದೆ. ಮುಂದೆ, ಪೆಡಲ್ ಬಳಿಯ ಚಕ್ರಕ್ಕೆ 28 ಹಲ್ಲು, ಹಿಂದಿನ ಗಾಲಿಯ ಚಕ್ರಕ್ಕೆ 34 ಹಲ್ಲು, ಟೈರು 700×38. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 1.8 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತಾದರೆ ಗಂಟೆಗೆ 6.5 ಕಿ.ಮೀ. ತಂಡದ ರೋಡ್ ಬೈಕಿನಲ್ಲಿ ಅತಿ ಹಗುರ ಜೋಡಿ 34–32. ಅದೇ ಟೈರು ಹಿಡಿದು ಲೆಕ್ಕ ಹಾಕಿದರೂ ಸುತ್ತಿಗೆ 2.3 ಮೀಟರ್, ಅದೇ 60 ಸುತ್ತಿಗೆ ಗಂಟೆಗೆ 8.3 ಕಿ.ಮೀ. ವೇಗ ಹೆಚ್ಚಾಯಿತಲ್ಲ ಅನ್ನಬೇಡಿ. ಅಷ್ಟು ವೇಗ ಕಾಯ್ದುಕೊಳ್ಳಲು ಏರಿನಲ್ಲಿ ಶೇ. 29ರಷ್ಟು ಹೆಚ್ಚು ಬಲ ಬೇಕು. ಬಲ ಸಾಲದಿದ್ದರೆ ಸುತ್ತು 40ಕ್ಕೆ ಇಳಿಯುತ್ತದೆ, ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಆ ಸೈಕಲ್ಲನ್ನು ಕೈಬಿಟ್ಟು, ಎಲ್ಲರೂ ಮುಂದೆ 48/38/28 ಹಲ್ಲಿನ ಮೂರು, ಹಿಂದೆ 11ರಿಂದ 34 ಹಲ್ಲಿನ ಎಂಟು ಚಕ್ರಗಳಿರುವ ಹೈಬ್ರಿಡ್ ಸೈಕಲ್ಲಿಗೆ ಬಂದಾಗಿದೆ.

ಇನ್ನೂ ಹಗುರ ಬೇಕೆಂದು ಮುಂದೆ 26 ಹಾಕುವ ಮಾತೂ ಬಂತು. ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಹಿಂದಿನ ಡಿರೈಲರ್‌ನ ಸಾಮರ್ಥ್ಯ, ಅಂದರೆ ಚೈನು ಸಡಿಲಾಗದಂತೆ ಅದು ನಿಭಾಯಿಸಬಲ್ಲ ಒಟ್ಟು ವ್ಯತ್ಯಾಸ, 43 ಹಲ್ಲು. (48−28) ಕೂಡಿಸು (34−11) ಅಂದರೆ ಸರಿಯಾಗಿ 43. 26 ಹಾಕಿದರೆ 45. ಮುಂದೆಯೂ ಹಿಂದೆಯೂ ಸಣ್ಣ ಚಕ್ರಕ್ಕೆ ಬಂದಾಗ ಚೈನು ಜೋತುಬೀಳುತ್ತದೆ. ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬದಲಿಸಿದವರು ಚೈನೂ ಹೊಸದೇ ಹಾಕಬೇಕು. ಉದ್ದ ಗೊತ್ತುಮಾಡಲು ಚೈನನ್ನು ಡಿರೈಲರ್‌ಗೆ ಸಿಕ್ಕಿಸದೆ ಮುಂದಿನ ಮತ್ತು ಹಿಂದಿನ ಅತಿ ದೊಡ್ಡ ಚಕ್ರಗಳ ಮೇಲೆ ಸುತ್ತಿ, ತುದಿಗಳು ಕೂಡುವಲ್ಲಿಂದ ಒಂದು ಇಂಚು, ಅಂದರೆ ಒಂದು ಹೊರ ಕೊಂಡಿ ಒಂದು ಒಳ ಕೊಂಡಿ, ಹೆಚ್ಚು ಬಿಟ್ಟು ಕತ್ತರಿಸಿ.

ಅಭ್ಯಾಸಕ್ಕೆ ಬೆಳಗಾವಿಗೆ ಹೋಗಿ, ಸಾವಂತವಾಡಿ ಕಡೆಯಿಂದ ಅಂಬೋಲಿ ಘಾಟ್ ಏರುವುದು. ಬ್ಯಾಗು ತುಂಬಿಕೊಂಡೇ ಏರಬೇಕು. ಖಾಲಿ ಸೈಕಲ್ ಏರಿಸಿದ್ದು ಲೆಕ್ಕಕ್ಕಿಲ್ಲ. ತಾನ್ಸೇನ್ ಏರು ಹೆಚ್ಚುಕಡಿಮೆ ಎರಡು ಅಂಬೋಲಿ.

ಹಿಂದಿನ ಗಾಲಿ: ಮುಗಿದಿದೆ, ಇನ್ನೊಮ್ಮೆ ನೋಡಬೇಕು

ಭಾರ ಹೊತ್ತ ಸೈಕಲ್ ಕೈಕೊಡುವುದು ಹಿಂದಿನ ಗಾಲಿಯಲ್ಲಿ, ಅದರಲ್ಲೂ ಸ್ಪೋಕಿನ ಬಾಗಿದ ತಲೆ ಗಾಲಿಯ ನಡುವಿನ ಹಬ್‌ಗೆ ಸಿಕ್ಕಿಕೊಳ್ಳುವ ಜಾಗದಲ್ಲಿ. ಬಿಗಿ ಹೆಚ್ಚಾಗಿ ಮುರಿಯಿತು ಅನ್ನುವವರೇ ಬಹಳ. ಸಾಮಾನ್ಯವಾಗಿ ಆಗುವುದು ತಿರುಗುಮುರುಗು: ಸಡಿಲ ಸ್ಪೋಕು ಪ್ರತಿ ಸುತ್ತಿಗೂ ಸಡಿಲಾಗಿ ಬಿಗಿಯಾಗಿ, ಲೋಹ ದಣಿದು, ಕಡೆಗೊಂದು ದಿನ ಟಣ್ ಅನ್ನುತ್ತದೆ. 36 ಸ್ಪೋಕಿನ, 14 ಗೇಜಿನ ಗಾಲಿ ಕಟ್ಟಿಸಿದ್ದೇವೆ. ಹೊಸ ಗಾಲಿ ಮೊದಲ 200 ಕಿ.ಮೀ.ಯಲ್ಲಿ ಸ್ವಲ್ಪ ಸಡಿಲಾಗುತ್ತದೆ, ಅದಾದ ಮೇಲೆ ಮತ್ತೊಮ್ಮೆ ಎಳೆಸಬೇಕು. ಪರೀಕ್ಷೆಗೆ ಯಂತ್ರವೇ ಬೇಕೆಂದಿಲ್ಲ: ಒಂದೇ ಬದಿಯ ಸ್ಪೋಕುಗಳನ್ನು ಬೆರಳಿಂದ ಮೀಟುತ್ತ ಹೋಗಿ, ಬೊದ್ದು ದನಿ ಬಂದದ್ದು ಸಡಿಲ.

ಬಲಬದಿಯ ಸ್ಪೋಕು ಮುರಿದರೆ ಕ್ಯಾಸೆಟ್ ಬಿಚ್ಚದೆ ಹೊಸದು ತೂರಿಸಲಾಗದು. ಆದ್ದರಿಂದ ಅದನ್ನು ಬಿಚ್ಚುವ ಲಾಕ್‌ರಿಂಗ್ ಟೂಲ್ ಮತ್ತು ಎರಡೂ ಬದಿಯ ಅಳತೆಯ ನಾಲ್ಕು ನಾಲ್ಕು ಸ್ಪೋಕು ಸಾಮಾನಿನಲ್ಲಿವೆ. ಸೀಟ್ ಟ್ಯೂಬಿಗೆ ಟೇಪ್ ಸುತ್ತಿ ಕಟ್ಟಿದರೆ ಬಾಗುವುದಿಲ್ಲ.

ಕ್ಯಾರಿಯರ್‌ನ ಎಂ5 ಬೋಲ್ಟುಗಳು ಅದುರಿ ಅದುರಿ ಸಡಿಲಾಗುತ್ತವೆ. ಬೋಲ್ಟು ಸಡಿಲಾಗದಂತೆ ಹಿಡಿದಿಡುವ ಅಂಟು, ಥ್ರೆಡ್ ಲಾಕರ್, ಇಲ್ಲದಿದ್ದರೆ ಉಗುರುಬಣ್ಣ ಹಚ್ಚಿದರೂ ನಡೆಯುತ್ತದೆ, ನಗುವವರು ನಗಲಿ. ಬಲಗಡೆ ಕೆಳಗಿನ ಬೋಲ್ಟು ಉದ್ದವಾಗಿ ಒಳಚಾಚಿದರೆ 11 ಹಲ್ಲಿನ ಚಕ್ರದ ಮೇಲಿರುವ ಚೈನಿಗೆ ತಾಗುತ್ತದೆ. ಗಾಲಿ ಹಾಕಿ, ಆ ಗೇರಿಗೆ ತಂದು, ಕಣ್ಣಾರೆ ನೋಡಿ. ಹಿಂದಿನ ಎರಡು ಬ್ಯಾಗು ಸೇರಿ 15 ಕೆ.ಜಿ. ಮೀರಬಾರದು.

ಟೈರಿನಲ್ಲಿ ಹಿಂದೆ 60, ಮುಂದೆ 50 ಪಿಎಸ್‌ಐ ಹವಾ. ತೆಳು ಕೊಳವೆಯ ಪ್ರೆಸ್ಟಾ ವಾಲ್ವ್ ಇದ್ದವರು ಹಿತ್ತಾಳೆಯ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ದಾರಿಬದಿಯ ಪಂಕ್ಚರ್ ಅಂಗಡಿಯ ಪೈಪು ಕೂರುವುದು ಮೋಟರ್‌ಸೈಕಲ್ ವಾಲ್ವಿಗೆ. ಇಲ್ಲಿನ ಅಭ್ಯಾಸದ ದಾರಿಯಲ್ಲಿ ಬಳ್ಳಾರಿ ಜಾಲಿ, ನೆಗ್ಗಿಲ ಮುಳ್ಳು ಹೊಕ್ಕಿರುತ್ತವೆ. ಹೊರಡುವ ಮುಂಚೆ ಟೈರು ಕಳಚಿ ಒಳಮೈ ಮೇಲೆ ಹತ್ತಿ ಆಡಿಸಿ. ಮುರಿದುಳಿದ ಮುಳ್ಳಿನ ತುದಿಗೆ ಎಳೆ ಸಿಕ್ಕಿಕೊಳ್ಳುತ್ತದೆ.

ರೈಲು

ವಿಜಯಪುರದಿಂದ ಪುಣೆಯವರೆಗೆ ಟೆಂಪೊ, ಪುಣೆಯಿಂದ ಗೋರಖಪುರದ ನೇರ ರೈಲು. ಸೊಲ್ಲಾಪುರದಲ್ಲೇ ಹತ್ತಿ ನಡುವೆ ರೈಲು ಬದಲಿಸಬಹುದಿತ್ತು, ಆದರೆ ಲಗೇಜ್ ಡಬ್ಬಿಯಲ್ಲಿರುವ ಸೈಕಲ್ ತಾನಾಗಿ ಇಳಿದು ಹತ್ತುವುದಿಲ್ಲ. ಐದು ನಿಮಿಷ ನಿಲ್ಲುವ ಕಡೆ ಅದು ಹಿಂದೆ ಉಳಿಯುವ ಭಯ ಬೇರೆ. ರೈಲು ಹೊರಡುವ ನಿಲ್ದಾಣದಲ್ಲೇ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿದರೆ ಈ ತಲೆನೋವಿಲ್ಲ. ಪೆಡಲ್ ಬಿಚ್ಚುವಾಗ ಎಡಗಡೆಯದು ಉಲ್ಟಾ ತಿರುಪು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹಿಂದಿನ ಡಿರೈಲರ್ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮಿನ ಒಳಗಡೆ ಕಟ್ಟಬೇಕು.

ಗಡಿ

ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಮೂಲಪ್ರತಿ ಇರಲಿ, ಆಧಾರ್ ಒಂದನ್ನೇ ನಂಬಿ ಹೋಗಬೇಡಿ. ಸೈಕಲ್ ಬಿಲ್ಲಿನ ನಕಲು, ಫ್ರೇಮ್ ನಂಬರಿನ ಫೋಟೊ ಇದ್ದರೆ ಮರಳುವಾಗ ಮಾತು ಬೆಳೆಯುವುದಿಲ್ಲ. ನಮ್ಮ 100 ರೂಪಾಯಿಗೆ ನೇಪಾಳದ 160, ಈ ದರ ಸ್ಥಿರ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗಿದೆ, ಆದ್ದರಿಂದ 100ರ ನೋಟುಗಳನ್ನೇ ಒಯ್ಯುವುದು. ಗಡಿಯಾಚೆ ಗಡಿಯಾರ 15 ನಿಮಿಷ ಮುಂದೆ. ವಾಹನಗಳು ನಮ್ಮಂತೆಯೇ ಎಡಬದಿ. ವಾರದ ರಜೆ ಶನಿವಾರ.

ಬುಟ್ವಲ್ ದಾಟಿದೊಡನೆ ಬರುವ ಸಿದ್ಧಬಾಬಾ ಭಾಗದಲ್ಲಿ ಮೇಲಿಂದ ಕಲ್ಲು ಉರುಳುತ್ತವೆ. ಫೋಟೊಕ್ಕೂ ನೀರಿಗೂ ಅಲ್ಲಿ ನಿಲ್ಲಬಾರದು. ಬೆಳಕು ಹರಿಯುತ್ತಲೇ ದಾಟಬೇಕು. ತಾನ್ಸೇನ್‌ನಿಂದ ಕಾಳಿಗಂಡಕಿ ಹೊಳೆಗೆ, ರಾಮ್ದಿವರೆಗೆ, ಉದ್ದ ಇಳಿಜಾರು. ಅಲ್ಲಿ ಬ್ರೇಕ್ ಒಂದೇ ಸಮನೆ ಹಿಡಿಯದೆ, ತಿರುವಿನ ಮುಂಚೆ ಜೋರಾಗಿ ಹಿಡಿದು ಬಿಡುತ್ತ ಹೋಗಬೇಕು. ಕೇಬಲ್ಲಿನ ಡಿಸ್ಕ್ ಬ್ರೇಕ್ ಆರಿಸಿದ್ದಕ್ಕೆ ಕಾರಣ, ಕೇಬಲ್ ಯಾವ ಊರಲ್ಲೂ ಸಿಗುತ್ತದೆ, ಬ್ರೇಕ್ ಎಣ್ಣೆ ತುಂಬುವವರು ಸಿಗುವುದಿಲ್ಲ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಮೀನಗಡದ ಕರದಂಟು. ಪೇಟೆಯ ಎನರ್ಜಿ ಬಾರ್ ಕೊಳ್ಳಲು ಕಾರಣವೇ ಕಾಣುತ್ತಿಲ್ಲ.

ಬಾಕಿ: ಡಿರೈಲರ್ ಹ್ಯಾಂಗರ್. ಡಿರೈಲರನ್ನು ಅಲ್ಯುಮಿನಿಯಂ ಫ್ರೇಮಿಗೆ ಹಿಡಿದಿಡುವ, ಪೆಟ್ಟು ಬಿದ್ದರೆ ಫ್ರೇಮಿನ ಬದಲು ತಾನು ಬಾಗಲೆಂದೇ ಮಾಡಿರುವ ತುಂಡು ಇದು. ಒಂದೊಂದು ಮಾಡೆಲ್ಲಿಗೂ ಆಕಾರ ಬೇರೆ, ಒಬ್ಬರದು ಇನ್ನೊಬ್ಬರಿಗೆ ಕೂರುವುದಿಲ್ಲ. ಎರಡು ಸೈಕಲ್ಲಿನದು ಬಂದಿದೆ, ಉಳಿದವಕ್ಕೆ ಹಳೆಯ ತುಂಡನ್ನೇ ಬಿಚ್ಚಿ, ಸ್ಕೇಲ್ ಪಕ್ಕಕ್ಕಿಟ್ಟು ಫೋಟೊ ತೆಗೆದು ಅಂಗಡಿಗೆ ಕಳಿಸಿದ್ದಾಗಿದೆ.